ಬೀರ್‌ಗಂಜ್‌ನಿಂದ ಕಠ್ಮಂಡುವಿಗೆ ತಿಂಗಳಿಗೆ ಎಷ್ಟು ಟ್ರಿಪ್?

ಪಶುಪತಿನಾಥ, ಮುಕ್ತಿನಾಥ ಯಾತ್ರೆಗೆಂದು ಸುನೌಲಿ ಗಡಿ ದಾಟಿ ಬಸ್ಸಿನಲ್ಲಿ ಹೋಗಿ ಬಂದವರನ್ನು ಕೇಳಿ ನೋಡಿ. ದರ್ಶನದ ಮಾತಿಗೂ ಮೊದಲು ಬರುವುದು ಮುಗ್ಲಿಂಗ್ ರಸ್ತೆಯಲ್ಲಿ ಸಾಲುಗಟ್ಟಿ ನಿಂತಿದ್ದ ಲಾರಿಗಳ ಸುದ್ದಿ. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ತ್ರಿಶೂಲಿ ನದಿ, ನಡುವೆ ಅಲುಗಾಡದ ಗಾಡಿಗಳು. ಅಷ್ಟೊಂದು ಲಾರಿ ಕಂಡವರಿಗೆ ನೇಪಾಳದಲ್ಲಿ ಲಾರಿಗೆ ಬರವಿಲ್ಲ ಅನ್ನಿಸುವುದು ಸಹಜ. ಆದರೆ ದಸರೆಗೆ ಮುಂಚೆ ಕಠ್ಮಂಡುವಿನ ವ್ಯಾಪಾರಿಯೊಬ್ಬ ಲೋಡಿಗೆ ಗಾಡಿ ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಬಾಡಿಗೆ ಕೇಳಿ ಎದೆ ಧಸಕ್ಕೆನ್ನುತ್ತದೆ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ?

ಸಾಗಣೆಯ ಸಾಮರ್ಥ್ಯವನ್ನು ಲಾರಿಯ ತಲೆ ಎಣಿಸಿ ಅಳೆಯಲು ಹೋದಾಗ ಈ ಗೊಂದಲ ಹುಟ್ಟುತ್ತದೆ. ಎಣಿಸಬೇಕಾದದ್ದು ಟ್ರಿಪ್ಪು. ನಿಂತ ಲಾರಿ ಲೆಕ್ಕದ ಪುಸ್ತಕದಲ್ಲಿ ಲಾರಿಯೇ, ಆದರೆ ಅದು ಒಂದು ಕಿಲೋ ಅಕ್ಕಿಯನ್ನೂ ಬೆಟ್ಟ ಹತ್ತಿಸುವುದಿಲ್ಲ.

ಲೆಕ್ಕ ಸರಳವಾದದ್ದು: ಲಾರಿಗಳ ಸಂಖ್ಯೆ, ತಿಂಗಳಿಗೆ ಒಂದು ಲಾರಿ ಹೊಡೆಯುವ ಟ್ರಿಪ್, ಪ್ರತಿ ಟ್ರಿಪ್ಪಿನ ಲೋಡು, ಈ ಮೂರರ ಗುಣಲಬ್ಧ. ಉದಾಹರಣೆಗೆ 15 ಟನ್ ಹೊರುವ 100 ಲಾರಿ ಇವೆ ಎಂದುಕೊಳ್ಳೋಣ. ಭಾರತದ ಗಡಿಗೆ ಅಂಟಿಕೊಂಡ ಬೀರ್‌ಗಂಜ್‌ನಲ್ಲಿ ಲೋಡ್ ಮಾಡಲು ಒಂದು ದಿನ, ಓಟಕ್ಕೆ ಒಂದು ದಿನ, ಕಠ್ಮಂಡುವಿನಲ್ಲಿ ಇಳಿಸಲು ಒಂದು ದಿನ, ವಾಪಸ್ ಬರಲು ಒಂದು ದಿನ. ನಾಲ್ಕು ದಿನಕ್ಕೆ ಒಂದು ಸುತ್ತು, ತಿಂಗಳಿಗೆ 7 ಟ್ರಿಪ್, ಒಟ್ಟು 10,500 ಟನ್. ಈಗ ಗಡಿಯಲ್ಲಿ ಮೂರು ದಿನ, ಕುಸಿದ ಗುಡ್ಡದ ಕೆಳಗೆ ಎರಡು ದಿನ, ಗೋದಾಮಿನ ಬಾಗಿಲಲ್ಲಿ ಒಂದು ದಿನ ಕಾಯುವುದನ್ನು ಸೇರಿಸಿ. ಸುತ್ತು 10 ದಿನವಾಯಿತು, ಟ್ರಿಪ್ 3ಕ್ಕೆ ಇಳಿಯಿತು, ಸಾಗಿದ್ದು 4,500 ಟನ್. ಲಾರಿಗಳು ನೂರಕ್ಕೆ ನೂರೂ ಇವೆ, ಆದರೆ 57 ಲಾರಿಗಳನ್ನು ಯಾರೋ ಕದ್ದೊಯ್ದಷ್ಟು ನಷ್ಟ. ಹೊಸ ಲಾರಿ ಕೊಂಡು ಇದನ್ನು ತುಂಬಿಸಲು ಹೋದರೆ ಒಟ್ಟು ಸುಮಾರು 233 ಲಾರಿ ಬೇಕು, ಅವೂ ಅದೇ ಸಾಲಿನಲ್ಲೇ ನಿಲ್ಲುತ್ತವೆ, ಸಾಲು ಇನ್ನೂ ಉದ್ದವಾಗುತ್ತದೆ.

ಬಾಡಿಗೆ ಏರುವುದೂ ಇದೇ ದಾರಿಯಲ್ಲಿ. ಸಾಲದ ಕಂತು, ವಿಮೆ, ಚಾಲಕ ಮತ್ತು ಕ್ಲೀನರ್ ಸಂಬಳ ಸೇರಿ ಒಂದು ಗಾಡಿಗೆ ತಿಂಗಳಿಗೆ 1,40,000 ನೇಪಾಳಿ ರೂಪಾಯಿ ಖರ್ಚು ಎಂದು ಊಹಿಸಿ. ಗಾಡಿ ಓಡಿದರೂ ನಿಂತರೂ ಇದನ್ನು ಕಟ್ಟಲೇಬೇಕು. 7 ಟ್ರಿಪ್ ಆದರೆ ಒಂದರ ಮೇಲೆ 20,000 ಬೀಳುತ್ತದೆ; 3 ಆದರೆ 46,000 ದಾಟುತ್ತದೆ. ಡೀಸೆಲ್ ದರ ಒಂದು ಪೈಸೆ ಏರದೆಯೂ ಬಾಡಿಗೆ ಏರಿತು. ಪತ್ರಿಕೆಗಳು ‘ಸಾಗಣೆದಾರರ ಸುಲಿಗೆ’ ಎಂದು ಬರೆಯುವುದರಲ್ಲಿ ಒಂದು ಪಾಲು ನಿಜವಿದ್ದರೂ ದೊಡ್ಡ ಪಾಲು ಈ ಭಾಗಾಕಾರದ್ದು.

ಸಮುದ್ರದಿಂದ ಗಡಿಯವರೆಗೆ

ನೇಪಾಳಕ್ಕೆ ಕಡಲಿಲ್ಲ. ಹಡಗಿನ ಸರಕು ಕಲ್ಕತ್ತಾ ಅಥವಾ ಹಲ್ದಿಯಾದಲ್ಲಿ ಇಳಿಯುತ್ತದೆ. 2016ರಿಂದ ವಿಶಾಖಪಟ್ಟಣವೂ ಒಪ್ಪಂದದಲ್ಲಿ ಸೇರಿದೆ. ಕಲ್ಕತ್ತಾದಿಂದ ಬೀರ್‌ಗಂಜ್‌ಗೆ ರೈಲಿನಲ್ಲಿ ಸುಮಾರು 700 ಕಿ.ಮೀ., ವಿಶಾಖಪಟ್ಟಣದಿಂದ ಅದರ ಎರಡು ಪಟ್ಟು. ಆದರೂ ಕೆಲವು ಆಮದುದಾರರು ದೂರದ ಬಂದರನ್ನೇ ಆರಿಸುತ್ತಾರೆ. ಕಲ್ಕತ್ತಾ ಹೂಗ್ಲಿ ನದಿಯ ಬಂದರು, ಅಲ್ಲಿ ನೀರಿನ ಆಳ ಕಡಿಮೆ, ದೊಡ್ಡ ಹಡಗು ನೇರ ಬರುವಂತಿಲ್ಲ. ವಿಶಾಖಪಟ್ಟಣಕ್ಕೆ ಆ ತೊಂದರೆಯಿಲ್ಲ.

ರೈಲು ಬಂದು ನಿಲ್ಲುವುದು ಬೀರ್‌ಗಂಜ್ ಹೊರವಲಯದ ಸಿರ್ಸಿಯಾ ಒಣ ಬಂದರಿನಲ್ಲಿ, ಅಂದರೆ ಕಡಲಿಲ್ಲದ ಕಡೆ ಕಂಟೇನರ್ ಇಳಿಸುವ ಅಂಗಳದಲ್ಲಿ. 2004ರಿಂದ ನಡೆಯುತ್ತಿರುವ ಇದಕ್ಕೆ ಬಿಹಾರದ ರಕ್ಸೌಲ್‌ನಿಂದ ಹಳಿ ಇದೆ. ರಸ್ತೆಯಲ್ಲಿ ಬರುವ ಸರಕಿಗೆ ಪಕ್ಕದಲ್ಲೇ 2018ರಲ್ಲಿ ಆರಂಭವಾದ, ಗಡಿಯ ತಪಾಸಣೆಗಳೆಲ್ಲ ಒಂದೇ ಕಡೆ ನಡೆಯುವ ಸಂಯೋಜಿತ ಚೆಕ್‌ಪೋಸ್ಟ್ ಇದೆ. ಹಿಂದೆ ಸಾಗುದಾರಿಯ ಕಂಟೇನರಿಗೆ ಬಂದರಿನಲ್ಲೂ ಗಡಿಯಲ್ಲೂ ಕಾಗದದ ಮೇಲೆ ಕಾಗದ. ಈಗ ಎಲೆಕ್ಟ್ರಾನಿಕ್ ಸೀಲ್ ಹಾಕುತ್ತಾರೆ. ದಾರಿಯಲ್ಲಿ ಬೀಗ ಮುಟ್ಟಿದರೆ, ಕಂಟೇನರ್ ದಾರಿ ತಪ್ಪಿದರೆ ಸೂಚನೆ ಹೋಗುತ್ತದೆ. ಅದರಿಂದ ಮತ್ತೆ ಮತ್ತೆ ತಡೆದು ನೋಡುವ ಅಗತ್ಯ ಕಡಿಮೆಯಾಗಿದೆ. ಬಂದರಿಂದ ಗಡಿಯವರೆಗಿನ ಹಾದಿ ಹತ್ತು ವರ್ಷಗಳಲ್ಲಿ ನಿಜವಾಗಿಯೂ ಸುಧಾರಿಸಿದೆ. ಗಂಟು ಬಿಗಿಯುವುದು ಅದರ ಮುಂದೆ.

ಕಂಟೇನರ್ ಹಡಗು ಕಂಪನಿಯ ಸ್ವತ್ತು. ಕೊಟ್ಟ ದಿನಗಳೊಳಗೆ ಖಾಲಿ ಪೆಟ್ಟಿಗೆ ಬಂದರಿಗೆ ಮರಳದಿದ್ದರೆ ದಿನಕ್ಕಿಷ್ಟು ಡಾಲರ್ ದಂಡ. ಅದನ್ನು ಬೆಟ್ಟ ಹತ್ತಿಸಿ, ಇಳಿಸಿ, ಮತ್ತೆ ಕಲ್ಕತ್ತಾಕ್ಕೆ ಕಳಿಸುವಷ್ಟರಲ್ಲಿ ದಂಡ ಏರಿ ಕೂತಿರುತ್ತದೆ. ಹಾಗಾಗಿ ಎಷ್ಟೋ ಆಮದುದಾರರು ಬೀರ್‌ಗಂಜ್‌ನಲ್ಲೇ ಪೆಟ್ಟಿಗೆ ಒಡೆಸಿ, ಸರಕನ್ನು ತಾರ್ಪಾಲಿನ ಲಾರಿಗೆ ತುಂಬಿಸುತ್ತಾರೆ. ಇದರಲ್ಲಿ ಮೂರು ನಷ್ಟ: ಹಮಾಲಿ ಖರ್ಚು ಎರಡು ಸಲ, ಒಡೆದು ಒದ್ದೆಯಾಗುವ ಸರಕು, ಲಾರಿಗೆ ಒಂದು ಇಡೀ ದಿನ. ಆದರೂ ದಂಡಕ್ಕಿಂತ ಅಗ್ಗ. ಅಲ್ಲದೆ 40 ಅಡಿಯ ಕಂಟೇನರ್ ಖಾಲಿಯಾಗಿಯೇ ಸುಮಾರು 3.8 ಟನ್ ತೂಗುತ್ತದೆ, ಅಷ್ಟು ಕಬ್ಬಿಣವನ್ನು ಬೆಟ್ಟ ಹತ್ತಿಸುವ ಡೀಸೆಲ್ ಯಾರ ಜೇಬಿನದು? ಉದ್ದ ಟ್ರೈಲರಿನ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಬರುವುದಿಲ್ಲ, ತಿರುವಿನ ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ. ಕಡಿದಾದ ತಿರುವಿನಲ್ಲಿ ಅದು ಎದುರಿನ ಲೇನನ್ನೂ ನುಂಗಿಯೇ ತಿರುಗಬೇಕು. ಅಷ್ಟೂ ಹೊತ್ತು ಎರಡೂ ಕಡೆ ಸಂಚಾರ ನಿಂತಂತೆ.

ಸುಮಾರು 280 ಕಿಲೋಮೀಟರ್‌ನ ಓಟ

ನಕ್ಷೆಯಲ್ಲಿ ನೋಡಿದರೆ ಬೀರ್‌ಗಂಜ್ ಮತ್ತು ಕಠ್ಮಂಡು ಹತ್ತಿರ. 1950ರ ದಶಕದಲ್ಲಿ ಭಾರತದ ನೆರವಿನಿಂದ ಕಟ್ಟಿದ ತ್ರಿಭುವನ ರಾಜಪಥ ಹೆಟೌಡಾದಿಂದ ನೇರ ಬೆಟ್ಟಕ್ಕೆ ನುಗ್ಗಿ, ದಾಮನ್ ಬಳಿ ಸುಮಾರು 2,488 ಮೀಟರ್ ಎತ್ತರದ ಸಿಂಭಂಜ್ಯಾಂಗ್ ಕಣಿವೆದಾರಿ ಹತ್ತಿ ಇಳಿಯುತ್ತದೆ. ಭಾರದ ಲಾರಿಗೆ ಅದು ಆಗದ ಮಾತು. ಹಾಗಾಗಿ ಲಾರಿಗಳು ಸುತ್ತು ಬಳಸುತ್ತವೆ: ಬೀರ್‌ಗಂಜ್, ಪಥಲೈಯಾ, ಹೆಟೌಡಾ, ನಾರಾಯಣಘಾಟ್, ಮುಗ್ಲಿಂಗ್, ನೌಬಿಸೆ, ನಾಗಢುಂಗಾ, ಥಾನ್‌ಕೋಟ್. ಸುಮಾರು 280 ಕಿ.ಮೀ. ನಾರಾಯಣಘಾಟ್‌ವರೆಗೆ ಹೆಚ್ಚು ತಕರಾರಿಲ್ಲ. ಅಲ್ಲಿಂದ ಮುಗ್ಲಿಂಗ್‌ಗೆ 36 ಕಿ.ಮೀ., ಮುಗ್ಲಿಂಗ್‌ನಿಂದ ಕಠ್ಮಂಡುವಿಗೆ 110 ಕಿ.ಮೀ. ಇಡೀ ರಾಜಧಾನಿಯ ಅಕ್ಕಿ, ಎಣ್ಣೆ, ಸಿಮೆಂಟು, ಕಬ್ಬಿಣ, ಔಷಧಿಯ ಬಹುಪಾಲು ಈ ಒಂದೇ ಎಳೆಯ ಮೇಲೆ ನೇತಾಡುತ್ತದೆ. ಪೊಖರಾದಿಂದ ಬರುವ ಬಸ್ಸುಗಳು, ಧಾದಿಂಗ್‌ನ ಮರಳು ಜಲ್ಲಿ ತುಂಬಿದ ಟಿಪ್ಪರ್‌ಗಳೂ ಅದೇ ರಸ್ತೆಯಲ್ಲಿ.

ಕೊನೆಯ ಪೆಟ್ಟು ನೌಬಿಸೆಯಿಂದ ನಾಗಢುಂಗಾಕ್ಕೆ ಹತ್ತುವ ಕಡಿದಾದ ಏರು. ನದಿಯ ಪಕ್ಕ ಬಂದ ರಸ್ತೆ ಇಲ್ಲಿ ಸುಮಾರು 12 ಕಿ.ಮೀ.ಗಳಲ್ಲಿ ಐನೂರು ಮೀಟರಿಗೂ ಹೆಚ್ಚು ಏರುತ್ತದೆ. ತುಂಬಿದ ಲಾರಿ ಮೊದಲ, ಎರಡನೇ ಗೇರಿನಲ್ಲಿ ಮನುಷ್ಯ ಓಡುವ ವೇಗದಲ್ಲಿ ತೆವಳುತ್ತದೆ. ಓವರ್‌ಟೇಕಿಗೆ ಜಾಗವಿಲ್ಲ, ಆದ್ದರಿಂದ ಎಲ್ಲಕ್ಕಿಂತ ನಿಧಾನದ ಗಾಡಿಯ ವೇಗವೇ ಇಡೀ ರಸ್ತೆಯ ವೇಗ. ಏರಿನಲ್ಲಿ ನಿಂತು ಮತ್ತೆ ಎಳೆಯುವಾಗ ಅರ್ಧ ಕ್ಲಚ್ ಒತ್ತಿ ಹಿಡಿದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಓವರ್‌ಲೋಡ್ ಇದ್ದರೆ ಹೌಸಿಂಗ್ ಒಳಗಿನ ಆಕ್ಸಲ್ ಶಾಫ್ಟ್ ಮುರಿಯುತ್ತದೆ, ಕಮಾನು ಪಟ್ಟಿಯ ಮುಖ್ಯ ಪ್ಲೇಟು ತುಂಡಾಗುತ್ತದೆ. ಒಂದು ಗಾಡಿ ಕೆಟ್ಟರೆ ಹಿಂದಿನ ನೂರಾರು ನಿಂತವು. ಶಿರಾಡಿ ಘಾಟಿಯಲ್ಲಿ ಟ್ರೈಲರ್ ಅಡ್ಡ ನಿಂತ ರಾತ್ರಿಯನ್ನು ಕಂಡ ಹಾಸನ, ಮಂಗಳೂರಿನವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಶಿರಾಡಿ ಮುಚ್ಚಿದರೆ ನಮಗೆ ಸಂಪಾಜೆ ಇದೆ, ಮಂಗಳೂರಿಗೆ ಹಡಗೂ ರೈಲೂ ಬರುತ್ತವೆ. ಕಠ್ಮಂಡುವಿಗೆ ಹಡಗೂ ಇಲ್ಲ, ರೈಲೂ ಇಲ್ಲ.

ಬದಲಿ ದಾರಿಗಳೇ ಇಲ್ಲವೆಂದಲ್ಲ. ಬರ್ದಿಬಾಸ್‌ನಿಂದ ಸಿಂಧುಲಿ ಮೂಲಕ ಬನೇಪಾಕ್ಕೆ ಬರುವ 160 ಕಿ.ಮೀ.ನ ಬಿ.ಪಿ. ಹೆದ್ದಾರಿಯನ್ನು ಜಪಾನ್ ಕಟ್ಟಿಕೊಟ್ಟಿತು, 2015ರಲ್ಲಿ ಪೂರ್ಣವಾಯಿತು. ಅಗಲ ಕಡಿಮೆ, ಭಾರೀ ಲಾರಿಗೆ ಹೇಳಿ ಮಾಡಿಸಿದ್ದಲ್ಲ. 2024ರ ಸೆಪ್ಟೆಂಬರ್ ಕೊನೆಯ ಮಹಾಮಳೆಯಲ್ಲಿ ರೋಶಿ ನದಿ ಉಕ್ಕಿ ಅದರ ಉದ್ದುದ್ದ ತುಂಡುಗಳನ್ನೇ ಕಿತ್ತೊಯ್ದಿತು. ಅದೇ ದಿನಗಳಲ್ಲಿ ಧಾದಿಂಗ್‌ನ ಝ್ಯಾಪ್ಲೆ ಖೋಲಾ ಬಳಿ ಮುಖ್ಯ ಹೆದ್ದಾರಿಯ ಮೇಲೂ ಗುಡ್ಡ ಕುಸಿದು ನಿಂತಿದ್ದ ವಾಹನಗಳು ಮಣ್ಣಿನಡಿ ಹೂತವು. ಮುಖ್ಯ ದಾರಿ, ಬದಲಿ ದಾರಿ ಎರಡೂ ಒಂದೇ ಮಳೆಗೆ ಬೀಳುವುದಾದರೆ ಬದಲಿ ಎನ್ನುವುದು ಹೆಸರಿಗಷ್ಟೇ.

ಗುಡ್ಡ ಕುಸಿದ ಮೇಲೆ ನಡೆಯುವ ಗಣಿತವೂ ಜನಕ್ಕೆ ಬೇಗ ಅರ್ಥವಾಗುವುದಿಲ್ಲ. ಮಣ್ಣು ಸರಿಸಿದ ತಕ್ಷಣ ಎಲ್ಲ ಸರಿಹೋಯಿತು ಅಂದುಕೊಳ್ಳುತ್ತಾರೆ. ಗಂಟೆಗೆ ಎರಡೂ ಕಡೆಯಿಂದ ಸೇರಿ 200 ವಾಹನ ಬರುತ್ತವೆ ಎಂದಿಟ್ಟುಕೊಳ್ಳಿ. ದಾರಿ 12 ಗಂಟೆ ಮುಚ್ಚಿದರೆ 2,400 ವಾಹನ ಸೇರುತ್ತವೆ. ತೆರೆದಾಗ ಸಿಗುವುದು ಒಂದೇ ಲೇನು, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಬಿಟ್ಟರೆ ಗಂಟೆಗೆ 300 ದಾಟಬಹುದು. ಹೊಸದಾಗಿ 200 ಬರುತ್ತಲೇ ಇರುವುದರಿಂದ ಸಾಲು ಕರಗುವುದು ಗಂಟೆಗೆ 100ರಂತೆ, ಪೂರ್ತಿ ಕರಗಲು 24 ಗಂಟೆ. ಹನ್ನೆರಡು ಗಂಟೆಯ ಕುಸಿತ ಒಂದೂವರೆ ದಿನದ್ದಾಯಿತು. ಅದರ ನಡುವೆ ತಾಳ್ಮೆಗೆಟ್ಟ ಯಾವನೋ ಎದುರು ಲೇನಿಗೆ ನುಗ್ಗಿದರೆ ಲೆಕ್ಕವೇ ಇಲ್ಲ. ನಾಲ್ಕು ಕಡೆ ಜೆಸಿಬಿ ನಿಲ್ಲಿಸುವುದಕ್ಕಿಂತ ನಾಲ್ಕು ಪೊಲೀಸರನ್ನು ಸಾಲಿನ ಬಾಲದಲ್ಲಿ ನಿಲ್ಲಿಸುವುದು ಎಷ್ಟೋ ಸಲ ಹೆಚ್ಚು ಫಲ ಕೊಡುತ್ತದೆ.

ಇಲ್ಲಿನ ಕುಸಿತಗಳಿಗೆ ಮಳೆಯಷ್ಟೇ ಕಾರಣವಲ್ಲ. ರಸ್ತೆ ಅಗಲ ಮಾಡಲು ಇಳಿಜಾರಿನ ಬುಡ ಕತ್ತರಿಸಿ, ತುದಿಯ ನೀರಿಗೆ ದಾರಿ ಮಾಡದೆ ಬಿಟ್ಟರೆ ಮೊದಲ ಜೋರು ಮಳೆಗೇ ಗುಡ್ಡ ಜಾರುತ್ತದೆ. ಮುಗ್ಲಿಂಗ್‌ನಿಂದ ಕಠ್ಮಂಡುವಿಗೆ ಹೋಗುವ ಇದೇ ಪೃಥ್ವಿ ಹೆದ್ದಾರಿಯ ಕೃಷ್ಣಭೀರ್ ಎಂಬ ಗುಡ್ಡ 2000ದ ಮಳೆಗಾಲದಿಂದ ವರ್ಷಗಟ್ಟಲೆ ದೇಶವನ್ನು ಕಾಡಿತು. ಅದನ್ನು ಹಿಡಿದು ನಿಲ್ಲಿಸಿದ್ದು ಮೇಲಿನ ನೀರನ್ನು ಕಾಲುವೆಯಲ್ಲಿ ತಿರುಗಿಸಿದ್ದು, ತಂತಿಬಲೆಯ ಕಲ್ಲುಗೋಡೆ, ಇಳಿಜಾರಿಗೆ ನೆಟ್ಟ ಹುಲ್ಲು, ಪೊದೆ, ಬಿದಿರು. ಅಗ್ಗದ ಕೆಲಸ, ಆದರೆ ವರ್ಷವರ್ಷ ಮಳೆಗೆ ಮುಂಚೆ ಚರಂಡಿ ಬಿಡಿಸಬೇಕು. 2024ರ ಜುಲೈನಲ್ಲಿ ನಾರಾಯಣಘಾಟ್–ಮುಗ್ಲಿಂಗ್ ರಸ್ತೆಯ ಸಿಮಲ್ತಾಲ್‌ನಲ್ಲಿ ಎರಡು ಬಸ್ಸುಗಳನ್ನು ಗುಡ್ಡ ತ್ರಿಶೂಲಿಗೆ ತಳ್ಳಿದ ಮೇಲೆ ಮಳೆಗಾಲದ ರಾತ್ರಿ ಸಂಚಾರಕ್ಕೆ ತಡೆ ಬರುವುದು ಸಾಮಾನ್ಯವಾಯಿತು. ಜೀವದ ದೃಷ್ಟಿಯಿಂದ ಅದು ಸರಿಯೇ. ಆದರೆ ಸಾಗಣೆಯ ಲೆಕ್ಕದಲ್ಲಿ ರಸ್ತೆಯ ಅರ್ಧ ದಿನ ಕಳೆದಂತೆ. ಇತ್ತ ಕಠ್ಮಂಡು ಕಣಿವೆಯೊಳಗೆ ಹಗಲ ದಟ್ಟಣೆಯಲ್ಲಿ ಭಾರೀ ಲಾರಿಗೆ ನಿರ್ಬಂಧ. ಹೆದ್ದಾರಿ ಹಗಲಲ್ಲಿ ಮಾತ್ರ, ಪೇಟೆ ರಾತ್ರಿಯಲ್ಲಿ ಮಾತ್ರ. ಎರಡು ಇಲಾಖೆಗಳು ಒಂದೇ ಮೇಜಿನ ಸುತ್ತ ಕೂತು ವೇಳಾಪಟ್ಟಿ ಮಾಡದ ಕಾರಣಕ್ಕೆ ಲಾರಿ ಥಾನ್‌ಕೋಟ್ ಆಸುಪಾಸಿನಲ್ಲಿ ಸುಮ್ಮನೆ ಹೊತ್ತು ಕಳೆಯುತ್ತದೆ.

ಓವರ್‌ಲೋಡಿನ ಸುಳಿ

ಟ್ರಿಪ್ ಕಡಿಮೆಯಾದಾಗ ಮಾಲೀಕ ಏನು ಮಾಡುತ್ತಾನೆ? ಹೊಡೆದ ಟ್ರಿಪ್ಪಿನಲ್ಲೇ ಹೆಚ್ಚು ತುಂಬುತ್ತಾನೆ. ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಜೊತೆ ಒಂದಕ್ಕೆ ಒಂದರಂತೆ ಏರುವುದಿಲ್ಲ, ಹೆಚ್ಚುಕಡಿಮೆ ನಾಲ್ಕನೇ ಘಾತದಲ್ಲಿ ಏರುತ್ತದೆ. ಶೇ. 20 ಹೆಚ್ಚು ತುಂಬಿದರೆ ಹಾನಿ ಸುಮಾರು ಎರಡು ಪಟ್ಟು. 10.2 ಟನ್ ಇರಬೇಕಾದ ಆಕ್ಸಲ್ ಮೇಲೆ 13 ಟನ್ ಹೇರಿದರೆ ಎರಡೂವರೆ ಪಟ್ಟಿಗೂ ಹೆಚ್ಚು. ಡಾಂಬರು ಬಿರುಕು ಬಿಡುತ್ತದೆ, ಬಿರುಕಿಗೆ ನೀರಿಳಿಯುತ್ತದೆ, ಗುಂಡಿ ಬೀಳುತ್ತದೆ, ವೇಗ ಇಳಿಯುತ್ತದೆ, ಟ್ರಿಪ್ ಇನ್ನಷ್ಟು ಕಡಿಮೆಯಾಗುತ್ತದೆ. ಆಮೇಲೆ ಮತ್ತೆ ಹೆಚ್ಚು ತುಂಬುತ್ತಾನೆ. ಭಾರತ 2018ರಲ್ಲಿ ತನ್ನ ಮಿತಿಯನ್ನು ಏರಿಸಿ, ಎರಡು ಆಕ್ಸಲ್ ಲಾರಿಯ ಒಟ್ಟು ತೂಕವನ್ನು 16.2ರಿಂದ 18.5 ಟನ್‌ಗೆ, ಮೂರು ಆಕ್ಸಲ್‌ನದನ್ನು 25ರಿಂದ 28.5 ಟನ್‌ಗೆ ಒಯ್ದಿತು. ಬಯಲಿನ ಹೆದ್ದಾರಿಗೆ ಸಲ್ಲುವ ಆ ಲೋಡನ್ನು ಬೆಟ್ಟದ ರಸ್ತೆಗೆ ಹಾಗೆಯೇ ಒಯ್ಯುವುದು ಬೇರೆ ಮಾತು.

ಚೀನಾದ ಕಡೆಯ ದಾರಿಯಲ್ಲಿ ಸಮಸ್ಯೆ ತಲೆಕೆಳಗು. ಅಲ್ಲಿ ತುಂಬಿದ ಗಾಡಿ ಬೆಟ್ಟ ಹತ್ತುವುದಲ್ಲ, ಇಳಿಯುತ್ತದೆ. ರಸುವಾಗಢಿಯಿಂದ ಬಂದ ಗಾಡಿ ಧುಂಚೆ ದಾಟಿ ಬೇತ್ರಾವತಿಗೆ ಬರುವಷ್ಟರಲ್ಲಿ ಸುಮಾರು 1,300 ಮೀಟರ್ ಇಳಿದಿರುತ್ತದೆ. 16 ಟನ್‌ನ ಗಾಡಿ ಅಷ್ಟು ಇಳಿದರೆ ಕಳೆಯಬೇಕಾದ ಶಕ್ತಿ ಸುಮಾರು 57 ಯೂನಿಟ್ ವಿದ್ಯುತ್ತಿಗೆ ಸಮ, ಸಣ್ಣ ಮನೆಯೊಂದರ ತಿಂಗಳ ಬಳಕೆಯಷ್ಟು. ಅದೆಲ್ಲ ಎಂಜಿನ್ ಹಿಡಿತದಲ್ಲಿ ಹೋಗಬೇಕು, ಇಲ್ಲವೇ ಬ್ರೇಕ್ ಡ್ರಮ್ಮಿನಲ್ಲಿ ಬಿಸಿಯಾಗಿ ಹೋಗಬೇಕು. ಡ್ರಮ್ ಕಾದು ಹಿಗ್ಗಿದರೆ ಲೈನರ್ ಹಿಡಿತ ಬಿಡುತ್ತದೆ. ಪೆಡಲ್ ಒತ್ತಿದರೂ ಗಾಡಿ ನಿಲ್ಲದು. ಮತ್ತೆ ಮತ್ತೆ ಒತ್ತಿದರೆ ಬ್ರೇಕ್ ಹಿಡಿಸುವ ಟ್ಯಾಂಕಿನ ಗಾಳಿಯೂ ಖಾಲಿ. ಏರಲು ಯಾವ ಗೇರು ಬೇಕಿತ್ತೋ ಅದೇ ಗೇರಿನಲ್ಲಿ ಇಳಿಸಬೇಕು, ಎಂಜಿನ್ನಿನ ಹೊಗೆದಾರಿ ತಡೆದು ವೇಗ ಇಳಿಸುವ ಎಕ್ಸಾಸ್ಟ್ ಬ್ರೇಕ್ ಬಳಸಬೇಕು, ಕಾಲುಬ್ರೇಕನ್ನು ಒತ್ತಿಯೇ ಹಿಡಿಯದೆ ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಬಿಡಬೇಕು. ಡೀಸೆಲ್ ಉಳಿಸಲೆಂದು ನ್ಯೂಟ್ರಲ್‌ನಲ್ಲಿ ಬಿಡುವವನು ಎಂಜಿನ್ ಹಿಡಿತವನ್ನೇ ಕಳೆದುಕೊಳ್ಳುತ್ತಾನೆ. ಕಾದ ಡ್ರಮ್ಮಿಗೆ ನೀರು ಸುರಿದರೆ ಬಿರುಕು ಬಿಡುತ್ತದೆ, ಅದು ತಾನಾಗಿ ಆರಬೇಕು.

ಆ ಉತ್ತರದ ದಾರಿಯನ್ನು ದಕ್ಷಿಣದ ದಾರಿಗೆ ಪರ್ಯಾಯವೆಂದು ನೆಚ್ಚುವುದು ಕಷ್ಟ. 2015ರ ಏಪ್ರಿಲ್ ಭೂಕಂಪ ತಾತೋಪಾನಿ ಗಡಿಯನ್ನು ವರ್ಷಗಟ್ಟಲೆ ಮುಚ್ಚಿಸಿತು. ವ್ಯಾಪಾರ ರಸುವಾಗಢಿಗೆ ತಿರುಗಿತು. 2025ರ ಜುಲೈ 8ರಂದು ಟಿಬೆಟ್ ಕಡೆಯಿಂದ ಬಂದ ಪ್ರವಾಹ ಅಲ್ಲಿನ ಗೆಳೆತನದ ಸೇತುವೆಯನ್ನೂ ಕಸ್ಟಮ್ಸ್ ಅಂಗಳದಲ್ಲಿದ್ದ ಕಂಟೇನರು, ವಾಹನಗಳನ್ನೂ ಕೊಚ್ಚಿಕೊಂಡು ಹೋಯಿತು.

ಖಾಲಿ ವಾಪಸು

ಬೆಟ್ಟ ಹತ್ತಿದ ಲಾರಿ ಇಳಿಯುವಾಗ ಏನು ತರುತ್ತದೆ? ಹೆಚ್ಚಿನ ಸಲ ಗಾಳಿ. 2023–24ರಲ್ಲಿ ನೇಪಾಳದ ಆಮದಿನ ಮೌಲ್ಯ ರಫ್ತಿನ ಹತ್ತು ಪಟ್ಟಿಗೂ ಮೇಲಿತ್ತು. ಇರುವ ರಫ್ತಿನ ಕಾರ್ಖಾನೆಗಳೂ ಬಹುಪಾಲು ದಕ್ಷಿಣದ ಗಡಿಯುದ್ದದ ತರಾಯಿ ಬಯಲಿನಲ್ಲೇ. ಕಠ್ಮಂಡುವಿನಿಂದ ಗುಜರಿ, ಖಾಲಿ ಬಾಟಲಿ, ಸ್ವಲ್ಪ ಕಾರ್ಪೆಟ್ಟು, ಬಟ್ಟೆ ಸಿಕ್ಕರೆ ಪುಣ್ಯ. ಲೋಡಿನಲ್ಲಿ ಲೀಟರಿಗೆ 3 ಕಿ.ಮೀ., ಖಾಲಿಯಲ್ಲಿ 4.5 ಕಿ.ಮೀ. ಸಿಗುತ್ತದೆಂದರೆ ಒಂದು ಸುತ್ತಿಗೆ 155 ಲೀಟರ್ ಡೀಸೆಲ್, ಅದರಲ್ಲಿ 62 ಲೀಟರ್ ಖಾಲಿ ಗಾಡಿಯನ್ನು ಕೆಳಗಿಳಿಸಲು. ಅದನ್ನು ಕಟ್ಟುವವನು ಮೇಲೆ ಅಕ್ಕಿ ಕೊಳ್ಳುವ ಗ್ರಾಹಕ.

ರಿಟರ್ನ್ ಲೋಡ್ ಹುಡುಕುವ ಲಾರಿ ಆಫೀಸಿನ ವ್ಯವಸ್ಥೆ ಅಲ್ಲಿ ಚೆನ್ನಾಗಿ ಬೆಳೆಯದಿರುವುದಕ್ಕೆ ಒಂದು ಕಾರಣ ಸರದಿ ಪದ್ಧತಿ. ಸಾಗಣೆದಾರರ ಸಮಿತಿಗಳು ಮಾರ್ಗಗಳನ್ನು ಹಂಚಿಕೊಂಡು, ಯಾರ ಪಾಳಿಯೋ ಅವರಿಗೇ ಲೋಡು, ದರವೂ ನಿಗದಿ ಎಂದು ನಡೆಸುತ್ತಿದ್ದರು. ಬೇಗ ಇಳಿಸಿ ಬೇಗ ಬಂದವನಿಗೂ ಪಾಳಿ ಬರುವವರೆಗೆ ಕಾಯುವುದೇ ಗತಿ. ಹಾಗಿದ್ದ ಮೇಲೆ ಯಾರು ಒಳ್ಳೆ ಗಾಡಿಗೆ ಹಣ ಹಾಕುತ್ತಾರೆ? 2018ರಲ್ಲಿ ಸರ್ಕಾರ ಈ ಸಿಂಡಿಕೇಟ್ ಮುರಿಯಲು ಹೊರಟಿತು, ಸಮಿತಿಗಳು ಕಂಪನಿಗಳಾಗಿ ನೋಂದಾಯಿಸಬೇಕೆಂದಿತು. ಸಾಗಣೆದಾರರು ಗಾಡಿ ನಿಲ್ಲಿಸಿ ಪ್ರತಿಭಟಿಸಿದರು. ಕಾಗದದಲ್ಲಿ ಬದಲಾದಷ್ಟು ಬೇಗ ರೂಢಿ ಬದಲಾಗುವುದಿಲ್ಲ.

ಲಾರಿ ಕೊಳ್ಳದೆ ಲಾರಿ ಗಳಿಸುವುದು

ಸಾಮರ್ಥ್ಯ ಹೆಚ್ಚಿಸಲು ಅತಿ ಚಂದದ ಉದಾಹರಣೆ ಬಿಹಾರದ ಮೋತಿಹಾರಿಯಿಂದ ಅಮ್ಲೇಖ್‌ಗಂಜ್‌ಗೆ 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ 69 ಕಿ.ಮೀ. ಪೆಟ್ರೋಲಿಯಂ ಕೊಳವೆ ಮಾರ್ಗ. ವರ್ಷಕ್ಕೆ 20 ಲಕ್ಷ ಟನ್ ಸಾಗಿಸಬಲ್ಲದು. ಗಡಿಯಲ್ಲಿ ಸಾಲು ನಿಲ್ಲುತ್ತಿದ್ದ ಟ್ಯಾಂಕರುಗಳು ಆ ಸಾಲಿನಿಂದ ಹೊರಬಿದ್ದವು, ಉಳಿದ ಲಾರಿಗಳಿಗೂ ಜಾಗವಾಯಿತು. ಅಮ್ಲೇಖ್‌ಗಂಜ್‌ನಿಂದ ಥಾನ್‌ಕೋಟ್ ಡಿಪೋಗೆ ಮಾತ್ರ ಇನ್ನೂ ಟ್ಯಾಂಕರೇ.

ಇದಕ್ಕಿಂತ ಹಳೆಯದೊಂದು ಇತ್ತು. ಹೆಟೌಡಾದಿಂದ ಕಠ್ಮಂಡುವಿಗೆ 1964ರಲ್ಲಿ ಅಮೆರಿಕದ ನೆರವಿನಿಂದ 42 ಕಿ.ಮೀ. ಸರಕು ರೋಪ್‌ವೇ ಹಾಕಿದ್ದರು. ಗಂಟೆಗೆ 20 ಟನ್‌ಗೂ ಹೆಚ್ಚು ಹೊರುವ ಶಕ್ತಿ ಅದಕ್ಕಿತ್ತು: ಗುಡ್ಡ ಕುಸಿದರೂ ನಿಲ್ಲದೆ ಗಂಟೆಗೊಂದು ದೊಡ್ಡ ಲಾರಿ ಹೋದಂತೆ. ಈ ಶತಮಾನದ ಆರಂಭದಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ನಮ್ಮ ಮಟ್ಟಿಗೆ ನೇಪಾಳದ ಸಾಗಣೆ ಇತಿಹಾಸದಲ್ಲಿ ಇದಕ್ಕಿಂತ ಅವಸರದ ತೀರ್ಮಾನ ಇನ್ನೊಂದಿಲ್ಲ.

ನಾಗಢುಂಗಾ ಏರಿನ ಕೆಳಗೆ ಜಪಾನ್ ಸಾಲದಲ್ಲಿ ಕೊರೆದ ಸುಮಾರು 2.7 ಕಿ.ಮೀ. ಸುರಂಗದ ಎರಡು ತುದಿಗಳು 2024ರ ಏಪ್ರಿಲ್‌ನಲ್ಲಿ ಕೂಡಿದವು. ತರಾಯಿಯ ನಿಜ್‌ಗಢದಿಂದ ಕಠ್ಮಂಡು ಕಣಿವೆಯ ಖೋಕನಾಕ್ಕೆ ಸುಮಾರು 71 ಕಿ.ಮೀ.ನ ಕ್ಷಿಪ್ರಪಥ ಕಟ್ಟುವ ಹೊಣೆ 2017ರಿಂದ ನೇಪಾಳ ಸೇನೆಯದು. ಸುರಂಗ ಉಳಿಸುವುದು ಗಂಟೆಗಳನ್ನು, ಗಡಿ ಮತ್ತು ಗೋದಾಮು ತಿನ್ನುವುದು ದಿನಗಳನ್ನು, ಇದನ್ನು ಮರೆಯುವಂತಿಲ್ಲ. ಮೇಲಿನ ಉದಾಹರಣೆಯಲ್ಲಿ ಸುರಂಗ ಎರಡು ಗಂಟೆ ಉಳಿಸಿದರೂ 10 ದಿನದ ಸುತ್ತು 10 ದಿನದ್ದೇ. ಗಡಿಯ ಮೂರು ದಿನ ಒಂದಾದರೆ ಸುತ್ತು 8ಕ್ಕೆ ಇಳಿದು, ನೂರು ಲಾರಿ 125 ಲಾರಿಯ ಕೆಲಸ ಮಾಡುತ್ತದೆ.

ಆದ್ದರಿಂದ ಸರಕು ತರಿಸುವವರು ಮೊದಲು ಮಾಡಬೇಕಾದದ್ದು ಪ್ರತಿ ಟ್ರಿಪ್ಪಿಗೆ ಆರು ಹೊತ್ತು ಬರೆದಿಡುವುದು: ಲೋಡಿಗೆ ಗಾಡಿ ನಿಂತದ್ದು, ಲೋಡು ಮುಗಿದದ್ದು, ಕಸ್ಟಮ್ಸ್ ಗೇಟು ದಾಟಿದ್ದು, ಥಾನ್‌ಕೋಟ್ ಮುಟ್ಟಿದ್ದು, ಗೋದಾಮಿನಲ್ಲಿ ಇಳಿಸಲು ತೊಡಗಿದ್ದು, ಖಾಲಿಯಾಗಿ ಹೊರಟದ್ದು. ಇಪ್ಪತ್ತು ಟ್ರಿಪ್ಪಿನ ಚೀಟಿ ಜೋಡಿಸಿದರೆ ಹೊತ್ತು ಎಲ್ಲಿ ಸೋರುತ್ತಿದೆ ಎಂದು ಕಾಣುತ್ತದೆ; ಎಷ್ಟೋ ಸಲ ಅದು ಸ್ವಂತ ಗೋದಾಮಿನ ಬಾಗಿಲೇ ಆಗಿರುತ್ತದೆ. ಹಾಲ್ಟಿಂಗ್ ದರ (ಗಾಡಿ ಕಾಯಿಸಿದ್ದಕ್ಕೆ ಕೊಡುವ ಹಣ), ಎಷ್ಟು ಗಂಟೆಯ ನಂತರ ಅದು ಶುರು ಎನ್ನುವುದನ್ನು ಲೋಡಿಗೆ ಮುಂಚೆ ಬರೆದು ಒಪ್ಪಿಕೊಂಡರೆ ಹಮಾಲರನ್ನು ಸಿದ್ಧ ಇಡುವ ಬುದ್ಧಿ ತಾನಾಗಿ ಬರುತ್ತದೆ. ಅಲ್ಲಿನ ದಶೈಂ ನಮ್ಮ ನವರಾತ್ರಿಯ ಹೊತ್ತಿನದ್ದೇ, ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ, ಹಬ್ಬಕ್ಕೆ ಚಾಲಕರೂ ಊರಿಗೆ ಹೊರಡುತ್ತಾರೆ. ಹಬ್ಬದ ದಾಸ್ತಾನಿಗೆ ಸುತ್ತನ್ನು 4 ದಿನವೆಂದಲ್ಲ, 10 ದಿನವೆಂದೇ ಹಿಡಿದು, ಕೆಡದ ಸರಕನ್ನೆಲ್ಲ ಆಷಾಢಕ್ಕೂ ಮುಂಚೆ ಬೆಟ್ಟ ಹತ್ತಿಸಿ, ಮಳೆಯಲ್ಲಿ ಓಡುವ ಗಾಡಿಗಳನ್ನು ಕೆಡುವ ಸರಕಿಗೇ ಬಿಡಬೇಕು.